ಅರಿವು ಕೇಂದ್ರದ ಸಣ್ಣ ಸರ್ವರಿಗೆ ಯಾವ ಲಿನಕ್ಸ್?

(ಹಿರೇವಡ್ಡಟ್ಟಿಯಲ್ಲಿ ಗ್ರಂಥಾಲಯ ಮೇಲ್ವಿಚಾರಕರು ಹಾಗೂ ಗಣಕಯಂತ್ರ ನಿರ್ವಾಹಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯತಿಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ನನಗೆ ಕೊಟ್ಟಿರುವ ವಿಷಯ, ಅರಿವು ಕೇಂದ್ರದಲ್ಲಿ ಒಂದು ಸಣ್ಣ ಸರ್ವರನ್ನು ಇಡುವುದಾದರೆ ಅದರಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಹಾಕಬೇಕು ಎಂಬುದು. ಈ ಪ್ರಶ್ನೆ ಬಂದ ಕೂಡಲೇ ಎಲ್ಲರೂ ಕೇಳುವುದು, ‘ಯಾವುದು ಎಲ್ಲಕ್ಕಿಂತ ಉತ್ತಮ?’ ಎಂದು. ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ಸೇರಿಸಿ ಒಂದೇ ಬೀಜದ ಹೆಸರು ಹೇಳಿರಿ ಎಂದು ಈ ಭಾಗದ ರೈತರು ಯಾರೂ ಕೇಳುವುದಿಲ್ಲ. ಹೊಲ ಯಾವುದು, ನೀರು ಎಷ್ಟು, ಕಳೆ ತೆಗೆಯುವವರು ಯಾರು ಎಂಬುದನ್ನು ಮೊದಲು ನೋಡುತ್ತಾರೆ. ಸರ್ವರಿನ ವಿಷಯದಲ್ಲಿಯೂ ಕ್ರಮ ಅದೇ. ಅದರಲ್ಲೂ ‘ಕಳೆ ತೆಗೆಯುವವರು ಯಾರು’ ಎಂಬ ಪ್ರಶ್ನೆಯನ್ನು ಬಿಟ್ಟು ಉಳಿದೆಲ್ಲವನ್ನೂ ವಿಚಾರಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಸ್ವತಃ ಕಂಡಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹಲವು ವರ್ಷಗಳ ಹಿಂದೆ, ಹೆಸರು ಹೇಳಲಿಚ್ಛಿಸದ ಒಂದು ಶಿಕ್ಷಣ ಸಂಸ್ಥೆಯ ಗ್ರಂಥಾಲಯಕ್ಕೆ ನಾನು ಸರ್ವರ್ ಸಿದ್ಧಪಡಿಸಿ ಕೊಟ್ಟಿದ್ದೆ. ಆಗ ನನಗೆ ಉತ್ಸಾಹ ಹೆಚ್ಚು, ವಿವೇಕ ಕಡಿಮೆ. ಕೆಲವೇ ಜನ ಬಳಸುತ್ತಿದ್ದ, ಪ್ರತಿಯೊಂದನ್ನೂ ಕೈಯಿಂದಲೇ ಜೋಡಿಸಬೇಕಾದ ಒಂದು ಲಿನಕ್ಸ್ ಆವೃತ್ತಿಯನ್ನು ಆರಿಸಿಕೊಂಡೆ. ಅದು ಬಹಳ ಚೆನ್ನಾಗಿಯೇ ಓಡಿತು. ನಂತರ ಉದ್ಯೋಗದ ನಿಮಿತ್ತ ನಾನು ಊರು ಬಿಟ್ಟೆ. ಪಾಸ್‌ವರ್ಡ್ ಬರೆದ ಚೀಟಿ ನನ್ನ ಡೈರಿಯೊಡನೆ ಹೋಯಿತು. ಎರಡು ವರ್ಷ ಆ ಯಂತ್ರವನ್ನು ಯಾರೂ ಮುಟ್ಟಲಿಲ್ಲ. ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಒಂದು ಬೇಸಿಗೆಯಲ್ಲಿ ಡಿಸ್ಕ್ ಕೆಟ್ಟಿತು. ಪುಸ್ತಕಗಳ ಪಟ್ಟಿ, ಸದಸ್ಯರ ವಿವರ, ಯಾರ ಬಳಿ ಯಾವ ಪುಸ್ತಕವಿದೆ ಎಂಬ ಲೆಕ್ಕ ಎಲ್ಲವೂ ಹೋಯಿತು. ಅಲ್ಲಿನ ಹಿರಿಯ ಗ್ರಂಥಪಾಲಕರು ಮಾತ್ರ, ‘ಗಣಕಯಂತ್ರ ಬಂದಮೇಲೆ ಇದೇಕೆ?’ ಎಂದು ನಾವೆಲ್ಲ ನಗುತ್ತಿದ್ದರೂ, ಪರಿಗ್ರಹಣ ವಹಿಯನ್ನು ಕೈಬರಹದಲ್ಲಿ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಪುಸ್ತಕಗಳ ಪಟ್ಟಿಯನ್ನು ಆ ವಹಿಯಿಂದಲೇ ಪುನಃ ಕಟ್ಟಲಾಯಿತು. ಹಂಚಿಕೆಯ ಲೆಕ್ಕ ಮಾತ್ರ ಮರಳಲಿಲ್ಲ. ತಪ್ಪು ಡಿಸ್ಕಿನದಲ್ಲ. ನಾನಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಯೋಚಿಸದೆ ವ್ಯವಸ್ಥೆಯನ್ನು ಆರಿಸಿದ್ದು ನನ್ನ ತಪ್ಪು.

ಈಗ ನಮ್ಮ ಸಂದರ್ಭಕ್ಕೆ ಬರೋಣ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. ಇಂದು ಅವು ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತಿವೆ. ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಪಂಚತಂತ್ರ, ಇ-ಸ್ವತ್ತು ಮೊದಲಾದವುಗಳ ದತ್ತಾಂಶ ರಾಜ್ಯ ಮಟ್ಟದ ಸರ್ವರುಗಳಲ್ಲಿದೆ. ನಿಮ್ಮ ಮೇಜಿನ ಯಂತ್ರ ಅವುಗಳಿಗೆ ಕಿಟಕಿ ಮಾತ್ರ. ನಾವು ಇಂದು ಮಾತನಾಡುತ್ತಿರುವ ಸಣ್ಣ ಸರ್ವರಿಗೂ ಅವುಗಳಿಗೂ ಸಂಬಂಧವಿಲ್ಲ, ಸಂಬಂಧ ಕಲ್ಪಿಸಲೂ ಬಾರದು. ತೆರಿಗೆಯ ದಾಖಲೆಯನ್ನಾಗಲಿ, ಆಧಾರ್ ಪ್ರತಿಗಳನ್ನಾಗಲಿ ‘ಸುಮ್ಮನೆ ಒಂದು ಪ್ರತಿ ಇರಲಿ’ ಎಂದು ಇದರಲ್ಲಿ ಇಡಬೇಡಿ.

ಹಾಗಾದರೆ ಇದರ ಕೆಲಸವೇನು? ನನ್ನ ದೃಷ್ಟಿಯಲ್ಲಿ ಎರಡು. ಒಂದು, ಪುಸ್ತಕಗಳ ಪಟ್ಟಿ ಮತ್ತು ಹಂಚಿಕೆಯನ್ನು ನಿರ್ವಹಿಸುವುದು. ಇನ್ನೊಂದು, ಅಂತರ್ಜಾಲ ಸಂಪರ್ಕ ಕಡಿದಿರುವ ದಿನವೂ ಮಕ್ಕಳಿಗೆ ಓದಲು ಸಿಗುವಂತೆ ಕನ್ನಡ ವಿಕಿಪೀಡಿಯದಂಥ ಸಾಮಗ್ರಿಯನ್ನು ಊರಿನಲ್ಲಿಯೇ ಇರಿಸುವುದು. ಕೇಬಲ್ ತುಂಡಾಗಿ ವಾರಗಟ್ಟಲೆ ಕಾಯುವ ಅನುಭವ ಇಲ್ಲಿರುವ ಅನೇಕರಿಗೆ ಇರಬಹುದು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಗಿ ಈಗ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಹೊಂದಿದೆ. ಅದನ್ನು ಇಡಿಯಾಗಿ ಒಂದೇ ಕಡತವಾಗಿ ಇಳಿಸಿಕೊಂಡು, ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕೋಣೆಯೊಳಗಿನ ವೈಫೈನಲ್ಲಿ ಎಲ್ಲರಿಗೂ ತೋರಿಸಬಹುದು. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ. ಮೂಲೆಯಲ್ಲಿಟ್ಟಿರುವ ಹಳೆಯ ಡೆಸ್ಕ್‌ಟಾಪ್ ಸಾಕು.

ಲಿನಕ್ಸ್ ಎಂದರೆ ವಾಸ್ತವವಾಗಿ ಆಪರೇಟಿಂಗ್ ಸಿಸ್ಟಮಿನ ತಿರುಳು ಭಾಗ ಮಾತ್ರ. ಲಿನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಅದನ್ನು ಬರೆಯಲು ಆರಂಭಿಸಿದರು. ಆ ತಿರುಳಿಗೆ ನೂರಾರು ಇತರ ತಂತ್ರಾಂಶಗಳನ್ನು ಸೇರಿಸಿ, ಪರೀಕ್ಷಿಸಿ, ಸ್ಥಾಪಿಸಲು ಸಿದ್ಧವಾದ ರೂಪದಲ್ಲಿ ಕೊಡುವುದನ್ನು ವಿತರಣೆ ಎನ್ನುತ್ತಾರೆ. ಹುಡುಗರ ಬಾಯಲ್ಲಿ ಅದು ‘ಡಿಸ್ಟ್ರೋ’. ಗದಗ ಮುದ್ರಣಾಲಯಗಳ ಊರು, ಆದ್ದರಿಂದ ಹೀಗೆ ಹೇಳಿದರೆ ತಿಳಿದೀತು: ಹಸ್ತಪ್ರತಿ ಒಂದೇ, ಅಚ್ಚು ಹಾಕುವವರು ಬೇರೆ ಬೇರೆ. ಓದುಗನಿಗೆ ಮುಖ್ಯವಾಗುವುದು ಹೊದಿಕೆಯ ಬಣ್ಣವಲ್ಲ. ತಪ್ಪು ಕಂಡುಬಂದರೆ ಒಪ್ಪೋಲೆ ಅಚ್ಚಾಗಿ ಕೈಸೇರುವುದೇ, ಎಷ್ಟು ವರ್ಷ ಸೇರುವುದು ಎಂಬುದು.

ಸರ್ವರಿಗೆ ಈ ಒಪ್ಪೋಲೆ ಎಂದರೆ ಭದ್ರತಾ ಪರಿಷ್ಕರಣೆ. ಇದು ನಿಂತ ದಿನದಿಂದ ಯಂತ್ರ ಓಡುತ್ತಲೇ ಇರುತ್ತದೆ, ಆದರೆ ಬಾಗಿಲಿಗೆ ಅಗುಳಿ ಇರುವುದಿಲ್ಲ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ‘ಬೆಂಬಲ ಎಲ್ಲಿಯವರೆಗೆ?’ ಫೆಡೋರಾದ ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಬೆಂಬಲ. ಮನೆಯಲ್ಲಿ ಕಲಿಯುವವರಿಗೆ ಅದು ಒಳ್ಳೆಯದು, ಅರಿವು ಕೇಂದ್ರಕ್ಕೆ ಅಲ್ಲ. ಡೆಬಿಯನ್‌ನ ಪ್ರತಿ ಸ್ಥಿರ ಆವೃತ್ತಿಗೆ ಮೂರು ವರ್ಷ, ಅದರ ಮೇಲೆ ದೀರ್ಘಾವಧಿ ತಂಡದಿಂದ ಎರಡು ವರ್ಷ, ಒಟ್ಟು ಐದು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೂ ಐದು ವರ್ಷ. ಆಲ್ಮಾ ಲಿನಕ್ಸ್ ಮತ್ತು ರಾಕಿ ಲಿನಕ್ಸ್‌ಗಳಿಗೆ ಹತ್ತು.

ಹತ್ತು ಐದಕ್ಕಿಂತ ದೊಡ್ಡದು, ಮಾತು ಮುಗಿಯಿತಲ್ಲ ಎಂದು ನೀವು ಹೇಳಬಹುದು. ಆದರೆ ಈ ಅವಧಿಯ ಮಾತು ಕೊಟ್ಟವರು ಯಾರು ಎಂಬುದನ್ನೂ ನೋಡಬೇಕಾಗುತ್ತದೆ. ಸೆಂಟ್‌ಒಎಸ್ ಎಂಬ ವಿತರಣೆ ಒಂದು ಕಾಲಕ್ಕೆ ಸರ್ವರುಗಳಲ್ಲಿ ಬಹು ಜನಪ್ರಿಯವಾಗಿತ್ತು. 2014ರಲ್ಲಿ ಅದು ರೆಡ್ ಹ್ಯಾಟ್ ಕಂಪನಿಯ ಆಶ್ರಯಕ್ಕೆ ಬಂದಿತು. ಅದರ 8ನೆಯ ಆವೃತ್ತಿ 2019ರ ಸೆಪ್ಟೆಂಬರಿನಲ್ಲಿ ಹೊರಬಂದಾಗ 2029ರವರೆಗೆ ನಡೆಯುವುದೆಂಬ ನಿರೀಕ್ಷೆಯಿತ್ತು. 2020ರ ಡಿಸೆಂಬರಿನಲ್ಲಿ ಪ್ರಕಟಣೆ ಬಂದಿತು: 2021ರ ಡಿಸೆಂಬರ್ 31ಕ್ಕೆ ಮುಕ್ತಾಯ. ಹತ್ತು ವರ್ಷದ ಆಯುಷ್ಯ ಎರಡೂಕಾಲು ವರ್ಷಕ್ಕೆ ಇಳಿಯಿತು. ಕುತೂಹಲದ ಸಂಗತಿಯೆಂದರೆ ಹಳೆಯ 7ನೆಯ ಆವೃತ್ತಿ 2024ರ ಜೂನ್ 30ರವರೆಗೂ ನಡೆಯಿತು. ಅಂದರೆ ಹೊಸದಕ್ಕೆ ಬದಲಿಸಿಕೊಂಡ ಜಾಗರೂಕರೇ ಮೊದಲು ತೊಂದರೆಗೆ ಸಿಕ್ಕಿದರು. ಆಲ್ಮಾ ಮತ್ತು ರಾಕಿ ಎರಡೂ ಆ ಸ್ಥಾನ ತುಂಬಲೆಂದೇ 2021ರಲ್ಲಿ ಹುಟ್ಟಿದವು. ಕಂಪನಿಯ ನಿರ್ಧಾರ ಕಾನೂನಿಗೆ ವಿರುದ್ಧವೇನೂ ಆಗಿರಲಿಲ್ಲ. ಅವರ ಆಸ್ತಿ, ಅವರ ತೀರ್ಮಾನ. ಬಳಸುವವರಿಗೆ ಅಲ್ಲಿ ಮತವಿರಲಿಲ್ಲ, ಅಷ್ಟೇ.

ಮತದ ಮಾತು ಬಂದಾಗ ನನಗೆ ನಮ್ಮ ಜಿಲ್ಲೆಯ ಕಣಗಿನಹಾಳ ನೆನಪಾಗುತ್ತದೆ. 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಕೃಷಿ ಸಹಕಾರ ಸಂಘ ಸ್ಥಾಪನೆಯಾಯಿತು. ಸಹಕಾರ ಎಂದರೆ ಏನೆಂದು ಗದಗ ಜಿಲ್ಲೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಡೆಬಿಯನ್‌ನ ರಚನೆ ಕಂಪನಿಗಿಂತ ಸಹಕಾರ ಸಂಘಕ್ಕೆ ಹತ್ತಿರ. ಇಯಾನ್ ಮರ್ಡಾಕ್ 1993ರ ಆಗಸ್ಟ್ 16ರಂದು ಅದನ್ನು ಘೋಷಿಸಿದರು. 1997ರಲ್ಲಿ ಬಳಕೆದಾರರಿಗೆ ತಾನು ಏನನ್ನು ಕೊಡುವೆನೆಂಬ ಒಡಂಬಡಿಕೆಯನ್ನು ಬರಹದಲ್ಲಿ ಪ್ರಕಟಿಸಿತು. ಅದಕ್ಕೊಂದು ಸಂವಿಧಾನವಿದೆ, ಅದನ್ನು ಕಟ್ಟುವ ಸ್ವಯಂಸೇವಕರು ಪ್ರತಿವರ್ಷ ತಮ್ಮ ನಾಯಕರನ್ನು ಮತದಾನದಿಂದ ಆರಿಸುತ್ತಾರೆ. ಸಹಕಾರ ಸಂಘಗಳಲ್ಲಿ ಜಗಳಗಳಿಲ್ಲವೆಂದಲ್ಲ, ಡೆಬಿಯನ್‌ನಲ್ಲಿಯೂ ಬೇಕಾದಷ್ಟಿವೆ. ಆದರೂ ಯಾರೋ ಒಬ್ಬರು ಅದನ್ನು ಕೊಂಡು ಮುಚ್ಚಲಾರರು. ಮೂವತ್ತು ವರ್ಷ ಮೀರಿ ನಡೆದುಬಂದಿರುವುದು ಅದರ ಪಕ್ಷದಲ್ಲಿರುವ ಬಲವಾದ ಸಾಕ್ಷಿ.

ಎರಡನೆಯ ಪ್ರಶ್ನೆ ಯಂತ್ರದ್ದು. ಇಲ್ಲಿ ಅನೇಕರು ಮೋಸಹೋಗುತ್ತಾರೆ. ರಾಕಿ ಲಿನಕ್ಸಿನ 10ನೆಯ ಆವೃತ್ತಿ, 2013ರಿಂದೀಚೆಗೆ ಬಂದ ಕೆಲವು ಸಂಸ್ಕಾರಕ ಸೂಚನೆಗಳಿರುವ ಚಿಪ್‌ಗಳಲ್ಲಿ ಮಾತ್ರ ನಡೆಯುತ್ತದೆ. ಅದಕ್ಕಿಂತ ಹಳೆಯ ಚಿಪ್‌ಗಳಲ್ಲಿ ಅವು ಇಲ್ಲ. ಆನಂತರ ಬಂದ ಪೆಂಟಿಯಂ, ಸೆಲೆರಾನ್ ಹೆಸರಿನ ಅನೇಕ ಅಗ್ಗದ ಚಿಪ್‌ಗಳಲ್ಲಿಯೂ ಇಲ್ಲ. ಆಲ್ಮಾದವರು ಹಳೆಯ ಚಿಪ್‌ಗಳಿಗಾಗಿ ಪ್ರತ್ಯೇಕ ರೂಪವನ್ನು ಕೊಟ್ಟಿದ್ದಾರೆ, ಅವರನ್ನು ಮೆಚ್ಚಬೇಕು. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13 ಸಾಮಾನ್ಯ 64 ಬಿಟ್ ಯಂತ್ರಗಳಲ್ಲಿ ತಕರಾರಿಲ್ಲದೆ ನಡೆಯುತ್ತದೆ. ಆದರೆ 32 ಬಿಟ್ ಮಾತ್ರದ ತೀರ ಹಳೆಯ ಯಂತ್ರಗಳಿಗೆ ಅದರ ಸ್ಥಾಪನಾ ಪ್ರತಿ ನಿಂತುಹೋಗಿದೆ. ಅಂಥ ಯಂತ್ರವಿದ್ದರೆ ಅದನ್ನು ಸರ್ವರ್ ಮಾಡುವ ಆಸೆಯನ್ನೇ ಬಿಡಿ. ಅದು ತಿನ್ನುವ ವಿದ್ಯುತ್ತಿಗೆ ಅದರ ಕೆಲಸ ಸಾಲದು. ಸ್ಮೃತಿ ಎಂದರೆ ರ‍್ಯಾಮ್, ನನ್ನ ಲೆಕ್ಕದಲ್ಲಿ 4 ಜಿಬಿ ಇರಲೇಬೇಕು, 8 ಇದ್ದರೆ ನೆಮ್ಮದಿ.

ಮೂರನೆಯದು, ಮತ್ತು ನಮ್ಮ ಆಯ್ಕೆಯನ್ನು ನಿಜವಾಗಿ ತೀರ್ಮಾನಿಸುವುದು, ಅದರ ಮೇಲೆ ನಡೆಯಬೇಕಾದ ತಂತ್ರಾಂಶ. ಗ್ರಂಥಾಲಯ ನಿರ್ವಹಣೆಗೆ ಕೋಹಾ ಎಂಬ ಮುಕ್ತ ತಂತ್ರಾಂಶವಿದೆ. ನ್ಯೂಜಿಲೆಂಡಿನ ಹೊರೊವೆನುವಾ ಪ್ರದೇಶದ ಸಾರ್ವಜನಿಕ ಗ್ರಂಥಾಲಯಗಳು ತಮ್ಮ ಹಳೆಯ ವ್ಯವಸ್ಥೆ 2000ನೆಯ ಇಸವಿಗೆ ಕೆಲಸ ಮಾಡದೆಂದು 1999ರಲ್ಲಿ ಹೊಸದನ್ನು ಬರೆಸಿದವು. ಬರೆಸಿದ್ದನ್ನು ಜಗತ್ತಿಗೆ ಉಚಿತವಾಗಿ ಕೊಟ್ಟವು. ‘ಕೋಹಾ’ ಎಂದರೆ ಅಲ್ಲಿನ ಮಾವೊರಿ ಭಾಷೆಯಲ್ಲಿ ಕಾಣಿಕೆ. ಅದು ಹುಟ್ಟಿದ್ದು ದೊಡ್ಡ ವಿಶ್ವವಿದ್ಯಾಲಯದಲ್ಲಲ್ಲ, ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಗ್ರಂಥಾಲಯದಲ್ಲಿ ಎಂಬುದನ್ನು ಈ ಸಭೆಯಲ್ಲಿ ಹೇಳಲು ನನಗೆ ಸಂತೋಷ. ಈ ಕೋಹಾದವರು ಸಿದ್ಧ ಪೊಟ್ಟಣಗಳನ್ನು ಒದಗಿಸುವುದು ಡೆಬಿಯನ್‌ಗಾಗಿ. ಅದರಿಂದಲೇ ಹುಟ್ಟಿದ ಉಬುಂಟುವಿನಲ್ಲಿಯೂ ಅವು ನಡೆಯುತ್ತವೆ. ಆಲ್ಮಾ, ರಾಕಿಗಳಲ್ಲಿ ಕೋಹಾ ಹಾಕಲು ಹೊರಟರೆ ಪ್ರತಿಯೊಂದು ಭಾಗವನ್ನೂ ಕೈಯಾರೆ ಜೋಡಿಸಬೇಕು. ಆರಂಭದಲ್ಲಿ ಹೇಳಿದ ನನ್ನ ತಪ್ಪಿನ ದಾರಿ ಅದೇ. ಹತ್ತು ವರ್ಷದ ಬೆಂಬಲ ಇಲ್ಲಿ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಕಿವಿಕ್ಸ್ ಕೂಡ ಡೆಬಿಯನ್‌ನ ಭಂಡಾರದಲ್ಲಿಯೇ ಸಿಗುತ್ತದೆ. ಒಂದು ಎಚ್ಚರಿಕೆ: ಸ್ಥಾಪನೆಗೆ ಮೊದಲು, ನೀವು ಹಾಕಲಿರುವ ಕೋಹಾ ಆವೃತ್ತಿ ಯಾವ ಡೆಬಿಯನ್ ಆವೃತ್ತಿಗೆ ಸಿದ್ಧವಾಗಿದೆ ಎಂದು ಕೋಹಾದವರ ಪಟ್ಟಿಯಲ್ಲಿ ನೋಡಿಕೊಳ್ಳಿ. ಹೊಸದೆಂದು ಅವಸರಪಡಬೇಡಿ.

ಹೀಗಾಗಿ ಉಳಿಯುವುದು ಡೆಬಿಯನ್ ಮತ್ತು ಉಬುಂಟು. ಇವೆರಡರ ನಡುವೆ ಜಗಳವಾಡುವಷ್ಟು ಅಂತರವಿಲ್ಲ. ಉಬುಂಟುವಿನ ಪರವಾಗಿ, ಅದನ್ನು ಬಲ್ಲ ಹುಡುಗರು ಗದಗ, ಹುಬ್ಬಳ್ಳಿಗಳಲ್ಲಿ ಸುಲಭವಾಗಿ ಸಿಗುತ್ತಾರೆ; ಭದ್ರತಾ ಪರಿಷ್ಕರಣೆಯನ್ನು ತಾನೇ ಹಾಕಿಕೊಳ್ಳುವ ವ್ಯವಸ್ಥೆ ಅದರಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಐದು ವರ್ಷದ ನಂತರವೂ ಮುಂದುವರಿಯಬೇಕಾದರೆ ಕಂಪನಿಯಲ್ಲಿ ಖಾತೆ ತೆರೆದು ಟೋಕನ್ ಪಡೆಯಬೇಕು. ಖಾತೆ ಯಾರ ಹೆಸರಿನಲ್ಲಿ, ಯಾರ ಇಮೇಲಿನಲ್ಲಿ, ಅವರು ವರ್ಗಾವಣೆಯಾದರೆ ಏನು ಎಂಬ ಗೊಂದಲ ಅಲ್ಲಿಂದ ಆರಂಭ. ಡೆಬಿಯನ್‌ನಲ್ಲಿ ಖಾತೆಯೂ ಇಲ್ಲ, ಟೋಕನ್ನೂ ಇಲ್ಲ. ತಾನೇ ಪರಿಷ್ಕರಿಸಿಕೊಳ್ಳುವ ಪೊಟ್ಟಣವನ್ನು ಮಾತ್ರ ನಾವು ಸೇರಿಸಿಕೊಳ್ಳಬೇಕು. ಲ್ಯಾನ್, ವೈಫೈ ಕಾರ್ಡುಗಳಿಗೆ ಬೇಕಾದ ಫರ್ಮ್‌ವೇರ್ ಹಿಂದೆ ಡೆಬಿಯನ್‌ನಲ್ಲಿ ದೊಡ್ಡ ತಲೆನೋವಾಗಿತ್ತು. 2023ರ ಡೆಬಿಯನ್ 12ರಿಂದ ಅದು ಸ್ಥಾಪನಾ ಪ್ರತಿಯೊಳಗೇ ಬರುತ್ತಿದೆ. ನನ್ನ ಅಭಿಪ್ರಾಯ ಡೆಬಿಯನ್ ಕಡೆಗೆ. ಆದರೆ ನಿಮ್ಮೂರಿನಲ್ಲಿ ಉಬುಂಟು ಬಲ್ಲ ಒಬ್ಬರು ನಿಜವಾಗಿ ಇದ್ದು, ಡೆಬಿಯನ್ ಬಲ್ಲವರು ಯಾರೂ ಇಲ್ಲದಿದ್ದರೆ ಉಬುಂಟುವನ್ನೇ ಹಾಕಿ. ಬಲ್ಲ ಮನುಷ್ಯ ಹತ್ತಿರದಲ್ಲಿರುವುದು ಉಳಿದೆಲ್ಲ ಗುಣಗಳಿಗಿಂತ ಮೇಲು.

ಸಿ-ಡ್ಯಾಕ್ ಸಂಸ್ಥೆಯ ಬಾಸ್ ಎಂಬ ಭಾರತೀಯ ವಿತರಣೆಯ ಬಗ್ಗೆ ಕೆಲವರು ಕೇಳಿದ್ದಾರೆ. ಅದೂ ಡೆಬಿಯನ್ ಆಧಾರಿತವೇ, ಭಾರತೀಯ ಭಾಷೆಗಳ ಸೌಲಭ್ಯಕ್ಕೆ ಗಮನ ಕೊಟ್ಟಿದೆ. ಮಕ್ಕಳು ಕುಳಿತು ಬಳಸುವ ಮೇಜಿನ ಯಂತ್ರಗಳಿಗೆ ಅದನ್ನು ಪರಿಶೀಲಿಸಬಹುದು.

ಕನ್ನಡದ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅತಿ ಹೆಚ್ಚು ದೂರುಗಳು ಇಲ್ಲಿಂದಲೇ ಬರುತ್ತವೆ. ‘ಲಿನಕ್ಸ್ ಹಾಕಿದೆವು, ನಮ್ಮ ಪುಸ್ತಕದ ಪಟ್ಟಿಯೆಲ್ಲ ಇಂಗ್ಲಿಷ್ ಅಕ್ಷರಗಳ ಕಸವಾಯಿತು’ ಎನ್ನುತ್ತಾರೆ. ತಪ್ಪು ಲಿನಕ್ಸಿನದಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಎಕ್ಸೆಲ್ ಪಟ್ಟಿಯಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳೇ. ಆ ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿತ್ತು. ಫಾಂಟಿಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ‘ಗ’ ಎಂಬುದು ಎಲ್ಲ ಯಂತ್ರಗಳಲ್ಲಿಯೂ ‘ಗ’. ಆದ್ದರಿಂದ ಸರ್ವರಿಗೆ ಸೇರಿಸುವ ಮೊದಲೇ ಹಳೆಯ ಪಟ್ಟಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ನೋಡಿ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಗೆ ಒಗ್ಗಿಕೊಂಡ ಬೆರಳುಗಳಿಗೆ ಚಿಂತೆ ಬೇಡ. ಕಗಪ ವಿನ್ಯಾಸ ಲಿನಕ್ಸಿನಲ್ಲಿಯೂ ಇದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ ಭಂಡಾರದಲ್ಲಿಯೇ ಇವೆ.

ಇನ್ನೊಂದು ಗೊಂದಲವಿದೆ. ಸರ್ವರಿನ ಕಪ್ಪು ಪರದೆಯಲ್ಲಿ ಕನ್ನಡ ಕಾಣದೆ ಚೌಕಗಳೇ ಕಂಡಾಗ ಗಾಬರಿಯಾಗುತ್ತದೆ. ಆ ಪರದೆಗೆ ಏಕಕಾಲಕ್ಕೆ 512ಕ್ಕಿಂತ ಹೆಚ್ಚು ಅಕ್ಷರರೂಪಗಳನ್ನು ಇಟ್ಟುಕೊಳ್ಳಲಾಗದು, ನಮ್ಮ ಗುಣಿತ ಮತ್ತು ಒತ್ತುಗಳನ್ನು ಜೋಡಿಸುವ ಶಕ್ತಿಯೂ ಅದಕ್ಕಿಲ್ಲ. ದತ್ತಾಂಶ ಒಳಗೆ ಸುರಕ್ಷಿತವಾಗಿಯೇ ಇರುತ್ತದೆ. ಇನ್ನೊಂದು ಯಂತ್ರದ ಬ್ರೌಸರಿನಲ್ಲಿ ತೆರೆದರೆ ಕನ್ನಡ ಸರಿಯಾಗಿ ಕಾಣುತ್ತದೆ. ಡೆಬಿಯನ್ ಸ್ಥಾಪನೆಯನ್ನು ಕನ್ನಡದಲ್ಲಿಯೇ ಮಾಡುವ ಇಚ್ಛೆಯಿದ್ದರೆ ಇದೇ ಕಾರಣಕ್ಕೆ ಚಿತ್ರಾತ್ಮಕ ಸ್ಥಾಪಕವನ್ನು ಆರಿಸಿಕೊಳ್ಳಬೇಕು.

ಸ್ಥಾಪಿಸುವಾಗ ಡೆಸ್ಕ್‌ಟಾಪ್ ಪರಿಸರವನ್ನು ಸೇರಿಸಬೇಡಿ ಎಂದು ನಾನು ಹೇಳಿದಾಗ ಯಾವಾಗಲೂ ವಿರೋಧ ಬರುತ್ತದೆ. ‘ಐಕಾನುಗಳೇ ಇಲ್ಲದಿದ್ದರೆ ಹೇಗೆ ಸರ್?’ ಎನ್ನುತ್ತಾರೆ. ಐಕಾನು ಇದ್ದರೆ ಯಾರಾದರೂ ಅಲ್ಲಿ ಕುಳಿತು ಸಿನಿಮಾ ನೋಡುತ್ತಾರೆ, ಪೆನ್‌ಡ್ರೈವ್ ಚುಚ್ಚುತ್ತಾರೆ, ಸಂಜೆ ಬಟನ್ ಒತ್ತಿ ಆರಿಸಿ ಹೋಗುತ್ತಾರೆ. ಸರ್ವರಿಗೆ ಮಾನಿಟರ್ ಕೂಡ ಬೇಕಾಗಿಲ್ಲ. ವಿದ್ಯುತ್ ಹೋಗಿ ಬಂದಾಗ ಯಂತ್ರ ತಾನೇ ಎದ್ದುಕೊಳ್ಳುವಂತೆ ಬಯೋಸ್‌ನಲ್ಲಿ ಒಂದು ಆಯ್ಕೆ ಇರುತ್ತದೆ, ಅದನ್ನು ಮೊದಲ ದಿನವೇ ಸರಿಪಡಿಸಿ. ಯುಪಿಎಸ್ ಇಲ್ಲದೆ ಸರ್ವರ್ ಇಡಬೇಡಿ. ಡಿಸ್ಕಿನ ಕಡತ ವ್ಯವಸ್ಥೆ ಹಠಾತ್ ಕಡಿತವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ ನಿಜ, ಆದರೆ ಬೇಸಿಗೆಯ ಕಡಿತಗಳ ಲೆಕ್ಕ ನಿಮಗೇ ಗೊತ್ತು.

ಡೆಬಿಯನ್‌ಗೆ ಕೋಹಾದವರು ಕೊಡುವ ಪೊಟ್ಟಣದಲ್ಲಿ ದಿನಕ್ಕೊಮ್ಮೆ ಬ್ಯಾಕಪ್ ತೆಗೆಯುವ ವ್ಯವಸ್ಥೆ ಮೊದಲೇ ಇದೆ. ಆದರೆ ಅದು ಇಡುವುದು ಅದೇ ಡಿಸ್ಕಿನಲ್ಲಿ! ಮನೆಯ ಕೀಲಿಯ ಜೋಡಿಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿದಂತೆ. ವಾರಕ್ಕೊಮ್ಮೆ ಅದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಪಂಚಾಯತಿ ಕಚೇರಿಯ ಅಲಮಾರಿನಲ್ಲಿ ಇರಿಸಿ. ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಅದನ್ನು ತೆರೆದು ನೋಡಿ.

‘ವಿಂಡೋಸ್ ನಮಗೆ ಗೊತ್ತು, ಅದೇ ಏಕೆ ಬೇಡ?’ ಎಂಬ ಪ್ರಶ್ನೆ ನ್ಯಾಯವಾದದ್ದು. ವಿಂಡೋಸ್ ಸರ್ವರ್ ಒಳ್ಳೆಯ ತಂತ್ರಾಂಶವೇ. ಅದಕ್ಕೆ ಪರವಾನಗಿ ಶುಲ್ಕವಿದೆ, ಸಂಪರ್ಕಿಸುವ ಬಳಕೆದಾರರ ಲೆಕ್ಕದ ಮೇಲೆ ಬೇರೆ ಪರವಾನಗಿಯೂ ಬೇಕಾಗುತ್ತದೆ. ಇನ್ನು ಹಳೆಯ ಡೆಸ್ಕ್‌ಟಾಪಿನಲ್ಲಿರುವ ವಿಂಡೋಸ್ 10ನ್ನೇ ಸರ್ವರಿನಂತೆ ಬಳಸುವುದು ಎಂದರೆ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕೇಂದ್ರ ಸರ್ಕಾರವು 2015ರಲ್ಲಿ ಪ್ರಕಟಿಸಿದ ಮುಕ್ತ ತಂತ್ರಾಂಶ ನೀತಿಯೂ ಸರ್ಕಾರಿ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆನ್ನುತ್ತದೆ.

ಕೊನೆಯದಾಗಿ ಒಂದು ವಿನಂತಿ ಇದೆ, ಇದು ಒಂದು ಗ್ರಾಮದ ಮಟ್ಟದಲ್ಲಿ ಆಗುವ ಕೆಲಸವಲ್ಲ. ತಾಲ್ಲೂಕಿನ ಎಲ್ಲ ಅರಿವು ಕೇಂದ್ರಗಳೂ ಒಂದೇ ವಿತರಣೆಯ ಒಂದೇ ಆವೃತ್ತಿಯನ್ನು ಹಾಕಿಕೊಳ್ಳಲಿ. ಕೇರಳ ಸರ್ಕಾರ ತನ್ನ ಶಾಲೆಗಳಿಗೆಲ್ಲ ಒಂದೇ ಲಿನಕ್ಸನ್ನು ಒದಗಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಅಲ್ಲಿ ಒಬ್ಬ ಶಿಕ್ಷಕರು ಕಂಡುಕೊಂಡ ಪರಿಹಾರ ಮರುದಿನ ಇನ್ನೊಂದು ಶಾಲೆಗೂ ಹೊಂದುತ್ತದೆ. ನಮ್ಮಲ್ಲಿ ಹಿರೇವಡ್ಡಟ್ಟಿಯಲ್ಲಿ ಡೆಬಿಯನ್, ಡಂಬಳದಲ್ಲಿ ಮತ್ತೊಂದು, ಮೂರನೆಯ ಊರಿನಲ್ಲಿ ಮೂರನೆಯದು ಎಂದಾದರೆ ಮೂವರು ಮೇಲ್ವಿಚಾರಕರೂ ಒಬ್ಬಂಟಿಗಳಾಗುತ್ತಾರೆ.

ಪ್ರತಿ ಸರ್ವರಿನ ಜೊತೆ ಒಂದು ನೋಟುಪುಸ್ತಕ ಇರಲಿ. ಯಾವ ಆವೃತ್ತಿ, ಯಾವ ದಿನ ಹಾಕಿದ್ದು, ಬೆಂಬಲ ಮುಗಿಯುವ ತಿಂಗಳು, ಮುಂದಿನ ಆವೃತ್ತಿಗೆ ಬದಲಿಸಬೇಕಾದ ವರ್ಷ, ಬ್ಯಾಕಪ್ ತೆಗೆದ ದಿನಾಂಕ ಮತ್ತು ಸಹಿ. ಪಾಸ್‌ವರ್ಡನ್ನು ಅದರಲ್ಲಿ ಬರೆಯಬೇಡಿ; ಮೊಹರು ಮಾಡಿದ ಲಕೋಟೆಯಲ್ಲಿ ಪಿಡಿಒ ಅವರ ಸುಪರ್ದಿಯಲ್ಲಿಡಿ, ವರ್ಗಾವಣೆಯ ಪ್ರಭಾರ ಪಟ್ಟಿಯಲ್ಲಿ ಆ ಲಕೋಟೆಯೂ ಒಂದು ಬಾಬತ್ತಾಗಿ ನಮೂದಾಗಲಿ. ಪರಿಗ್ರಹಣ ವಹಿಯನ್ನು ಕೈಯಿಂದ ಬರೆಯುವುದನ್ನು ನಿಲ್ಲಿಸಬೇಡಿ.

ಊಟದ ಬಳಿಕ ಪಕ್ಕದ ಕೋಣೆಯಲ್ಲಿರುವ ಹಳೆಯ ಯಂತ್ರದಲ್ಲಿ ಡೆಬಿಯನ್ ಸ್ಥಾಪಿಸೋಣ. ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಕೀಲಿಮಣೆಯ ಮುಂದೆ ನಿಮ್ಮಲ್ಲಿ ಒಬ್ಬರು ಕುಳಿತುಕೊಳ್ಳಬೇಕು. ಇದುವರೆಗೆ ಲಿನಕ್ಸ್ ಮುಟ್ಟದವರೇ ಮುಂದೆ ಬಂದರೆ ಒಳ್ಳೆಯದು.